ಸೆಂಟರ್ ಫೀಲ್ಡಿನ ಹುಡುಗ ಒಂದೇ ಮ್ಯಾಚಿನಲ್ಲಿ ಮೂರು ತಪ್ಪು ಮಾಡಿದ. ಇವನನ್ನು ಮುಂದುವರಿಸಬಹುದಾ?

ತೋಟದ ಮೂಲೆ (ಬದಿಯಡ್ಕ):

ನಮಸ್ಕಾರ. ನಾನು ಕ್ರಿಕೆಟ್ ಪೂರ್ತಿ ಬಲ್ಲವ, ಬೇಸ್‌ಬಾಲ್ ಅರ್ಧ ಬಲ್ಲವ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ತಮ್ಮನ ಮಗ ಹತ್ತನೇ ಕ್ಲಾಸು. ಮನೆಯಲ್ಲಿ ಎಲ್ಲರಿಗೂ ಅವನು ಮಾಣಿ. ಎರಡು ವರ್ಷದಿಂದ ಶಾಲೆಯ ಬೇಸ್‌ಬಾಲ್ ಟೀಮಿನಲ್ಲಿದ್ದಾನೆ. ನಮ್ಮ ಕಾಸರಗೋಡಿನಲ್ಲಿ ಬೇಸ್‌ಬಾಲ್ ಎಂದರೆ ಜನ ಈಗಲೂ "ಅದು ಕ್ರಿಕೆಟಿನ ತಮ್ಮನಾ?" ಎಂದು ಕೇಳುತ್ತಾರೆ. ಮೊಗ್ರಾಲಿನವರಿಗೆ ಫುಟ್‌ಬಾಲ್ ಉಂಟು, ಉಳಿದವರಿಗೆ ಕ್ರಿಕೆಟ್, ಕಬಡ್ಡಿ. ಇವನು ಓಡುವುದು ಜೋರು ಎಂದು ಪಿ.ಟಿ. ಮಾಷ್ಟ್ರು ಕರೆದು ಸೆಂಟರ್ ಫೀಲ್ಡಿನಲ್ಲಿ, ಅಂದರೆ ಮೈದಾನದ ಹಿಂಭಾಗದ ನಡುವೆ ನಿಲ್ಲಿಸಿದರು. ಅಷ್ಟೇ ಇವನ ಆಯ್ಕೆಯ ಕಥೆ.

ಮೊನ್ನೆಯ ಮ್ಯಾಚು ಏಳು ಇನ್ನಿಂಗಿನದು. ಮುರಕಲ್ಲಿನ ಗುಡ್ಡೆ ಸಮ ಮಾಡಿದ ಮೈದಾನ, ಹುಲ್ಲೆಲ್ಲ ಒಣಗಿದೆ, ಚೆಂಡು ಬಿದ್ದಲ್ಲೆಲ್ಲ ಕೆಂಪು ಧೂಳು. 9-6ರಲ್ಲಿ ಸೋತರು. ಸೋತ ಮೇಲೆ ಎಲ್ಲರೂ ಬೊಟ್ಟು ಮಾಡಿದ್ದು ಇವನ ಕಡೆಗೇ. ನಾನು ತೆಂಗಿನ ಬುಡದಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ನೋಡಿದ್ದೇನೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಎರಡನೇ ಇನ್ನಿಂಗಿನಲ್ಲಿ ಚೆಂಡು ಎತ್ತರವಾಗಿ ನೇರ ಇವನ ಕಡೆಗೇ ಬಂತು. ಇವನು ಎರಡು ಹೆಜ್ಜೆ ಮುಂದೆ ಓಡಿದ. ಆಮೇಲೆ ಗೊತ್ತಾಯಿತು, ಅದು ತಲೆಯ ಮೇಲಿನಿಂದ ಹೋಗುವ ಚೆಂಡು ಎಂದು. ತಿರುಗುವಷ್ಟರಲ್ಲಿ ಬೇಲಿಯ ಹತ್ತಿರ ಉರುಳುತ್ತಿತ್ತು. ಗ್ಲವ್‌ಗೆ ತಾಗಲೇ ಇಲ್ಲ.

ನಾಲ್ಕನೆಯದರಲ್ಲಿ ಇವನಿಗೂ ಲೆಫ್ಟ್ ಫೀಲ್ಡಿನ ಹುಡುಗನಿಗೂ ನಡುವೆ ಒಂದು ಚೆಂಡು ಮೇಲೆ ಹೋಯಿತು. ಇಬ್ಬರೂ ಓಡಿದರು, ಇಬ್ಬರೂ ಕೂಗಿದರು, ಇಬ್ಬರೂ ನಿಂತರು. ಚೆಂಡು ನಡುವೆ ಬಿತ್ತು. ಇವನು ಕೂಗಿದ್ದು ಕನ್ನಡದಲ್ಲಿ, ಆ ಹುಡುಗ ಕೂಗಿದ್ದು ಮಲಯಾಳದಲ್ಲಿ. ನಗಬೇಡಿ.

ಆರನೆಯದರಲ್ಲಿ ಬಲಬದಿಗೆ ಒಂದು ಲೈನ್ ಡ್ರೈವ್, ಮೇಲೇರದೆ ಬಾಣದ ಹಾಗೆ ಬರುವ ಚೆಂಡು. ಬ್ಯಾಟಿನ ಸದ್ದು ಕೇಳುವಾಗಲೇ ಇವನು ಹೊರಟಾಗಿತ್ತು. ಮ್ಯಾಚ್ ಮುಗಿದ ಮೇಲೆ ನಾನು ಹೋಗಿ ಅಳೆದೆ, ನನ್ನ ಕಾಲಿನಲ್ಲಿ ಇಪ್ಪತ್ತೆರಡು ಹೆಜ್ಜೆ. ಮೈ ಚಾಚಿ ಗ್ಲವ್ ಒಡ್ಡಿದ. ಚೆಂಡು ಒಳಗೆ ಹೋಗಿ ತುದಿಯಿಂದ ಜಾರಿತು. ಎದ್ದು ಗಡಿಬಿಡಿಯಲ್ಲಿ ಮೂರನೇ ಬೇಸಿಗೆ, ಓಡುವವರು ಮುಟ್ಟಬೇಕಾದ ಮೂರನೇ ಗುರುತಿಗೆ ಎಸೆದ. ಅದು ಅಲ್ಲಿದ್ದವನ ತಲೆಯ ಮೇಲಿಂದ ಹಾರಿ ಆಚೆಯ ತೋಡಿಗೆ ಬಿತ್ತು. ಎರಡು ರನ್ ಹೋಯಿತು, ಒಂದು ಚೆಂಡೂ ಹೋಯಿತು.

ಈಗ ನೋಡಿ. ಸ್ಕೋರ್ ಪುಸ್ತಕದಲ್ಲಿ ಇವನ ಹೆಸರಿಗೆ ಎರಡು ಎರರ್ ಇದೆ. ಎರಡೂ ಆರನೇ ಇನ್ನಿಂಗಿನದ್ದೇ, ಬಿಟ್ಟದ್ದಕ್ಕೆ ಒಂದು, ಎಸೆದದ್ದಕ್ಕೆ ಒಂದು. ಮೊದಲಿನ ಎರಡಕ್ಕೆ ಎರರ್ ಇಲ್ಲ, ಎದುರಿನವರಿಗೆ ಹಿಟ್ ಕೊಟ್ಟಿದ್ದಾರೆ, ಅಂದರೆ ಹೊಡೆದವನ ಲೆಕ್ಕಕ್ಕೆ. ನನ್ನ ಕಣ್ಣಿಗೆ ದೊಡ್ಡ ತಪ್ಪು ಎರಡನೇ ಇನ್ನಿಂಗಿನದು. ನಾನು ನೋಡಿದ್ದು ತಪ್ಪಾ, ಪುಸ್ತಕದ್ದು ತಪ್ಪಾ? ಅದೇ ಮ್ಯಾಚಿನಲ್ಲಿ ಇವನು ನಾಲ್ಕು ಕ್ಯಾಚ್ ಹಿಡಿದಿದ್ದಾನೆ. ಅದನ್ನು ಹೇಳುವವರು ಯಾರೂ ಇಲ್ಲ.

ಮುಂದಿನ ಮ್ಯಾಚಿಗೆ ಇವನನ್ನು ಹೊರಗೆ ಕೂರಿಸುವ ಯೋಚನೆ ಮಾಷ್ಟ್ರದ್ದು. ಮಾರ್ಚಿನಲ್ಲಿ ಪರೀಕ್ಷೆ, ಆಟ ಸಾಕು ಎನ್ನುವುದು ತಮ್ಮನ ಮಾತು. ಅಜ್ಜಿ ಮಾತ್ರ, ಇವನು ಎಡಗೈಯಲ್ಲಿ ಬರೆಯುವುದನ್ನು ಬಿಟ್ಟರೆ ಎಲ್ಲ ಸರಿಯಾದೀತು ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಮನೆಯ ಎಲ್ಲ ಕಷ್ಟಕ್ಕೂ ಅದೇ ಕಾರಣ.

ಹದಿನೈದು ವರ್ಷದವನ ತಪ್ಪಿನಲ್ಲಿ ಯಾವುದು ತಿದ್ದಿ ಹೋಗುವಂಥದ್ದು, ಯಾವುದು ಹೋಗದ್ದು? ಬಲ್ಲವರು ಹೇಗೆ ನೋಡುತ್ತಾರೆ?


ಕುಂಬಳೆ ಟು ಬೋಸ್ಟನ್:

ಅಣ್ಣ, ನೀವು ಅರ್ಧ ಬಲ್ಲವರಲ್ಲ. ನಿಮ್ಮ ಕಣ್ಣು ಸರಿ ಉಂಟು.

ಎರರ್ ಎಂದರೆ ಏನು ಎಂದು ಮೊದಲು ಹೇಳಿಬಿಡುತ್ತೇನೆ. ಸಾಮಾನ್ಯ ಪ್ರಯತ್ನದಲ್ಲಿ ಆಗಬೇಕಾಗಿದ್ದ ಔಟನ್ನು ಕಳೆದುಕೊಂಡರೆ, ಇಲ್ಲವೇ ಕೆಟ್ಟ ಎಸೆತದಿಂದ ಓಡುವವರಿಗೆ ಹೆಚ್ಚಿನ ಬೇಸ್ ಬಿಟ್ಟುಕೊಟ್ಟರೆ ಎರರ್. ಹಾಗಾಗಿ ಚೆಂಡಿನ ಹತ್ತಿರ ಹೋಗದವನಿಗೆ ಎರರ್ ಬೀಳುವುದೇ ಅಪರೂಪ. ಮರದ ಹಾಗೆ ನಿಂತವನ ಫೀಲ್ಡಿಂಗ್ ಲೆಕ್ಕ ಚಂದ ಕಾಣುತ್ತದೆ, ಓಡಿ ಹೋಗಿ ಮುಟ್ಟಿ ಬಿಟ್ಟವನದ್ದು ಹಾಳಾಗುತ್ತದೆ. ಇಲ್ಲಿ ಅಮೆರಿಕದಲ್ಲಿ ನೂರು ವರ್ಷ ಇದೇ ಲೆಕ್ಕ ಇಟ್ಟುಕೊಂಡು ಜಗಳ ಆಡಿದ್ದಾರೆ. ನಿಮ್ಮ ಮಾಣಿ ಇಪ್ಪತ್ತೆರಡು ಹೆಜ್ಜೆ ಓಡಿ ಮೈ ಚಾಚಿ ಬಿಟ್ಟದ್ದು ನನ್ನ ಪುಸ್ತಕದಲ್ಲಿ ಎರರೇ ಅಲ್ಲ, ಹಿಟ್. ಎಸೆತ ಮಾತ್ರ ಎರರ್, ಅದಕ್ಕೆ ಮಾತಿಲ್ಲ.

ಈಗ ದೊಡ್ಡ ಲೀಗಿನಲ್ಲಿ ಎಲ್ಲ ಮೈದಾನದಲ್ಲೂ ಕ್ಯಾಮೆರಾ ಇಟ್ಟು ಆಟ ಅಳೆಯುವ ಸ್ಟ್ಯಾಟ್‌ಕಾಸ್ಟ್ ಎಂಬ ವ್ಯವಸ್ಥೆ ಇದೆ, 2015ರಿಂದ. ಔಟ್‌ಫೀಲ್ಡರ್‌ನ, ಅಂದರೆ ಮಾಣಿಯ ಹಾಗೆ ಹಿಂದೆ ನಿಲ್ಲುವವನ ‘ಜಂಪ್’ ಎಂದು ಒಂದನ್ನು ಅಳೆಯುತ್ತಾರೆ. ಹಾರುವುದಲ್ಲ. ಪಿಚರ್ ಕೈಯಿಂದ ಚೆಂಡು ಬಿಟ್ಟ ಮೇಲಿನ ಮೊದಲ ಮೂರು ಸೆಕೆಂಡಿನಲ್ಲಿ ಸರಿಯಾದ ದಿಕ್ಕಿಗೆ ಎಷ್ಟು ಅಡಿ ಹೋದ ಎಂಬ ಲೆಕ್ಕ. ಮೊದಲ ಒಂದೂವರೆ ಸೆಕೆಂಡು ಚುರುಕು, ಮುಂದಿನ ಒಂದೂವರೆ ವೇಗ, ಜೊತೆಗೆ ಹಿಡಿದ ದಾರಿ ನೇರವಾ ಸೊಟ್ಟವಾ ಎಂಬುದು. ಕೈಯಿಂದ ಜಾರಿದ್ದು ಇದರಲ್ಲಿ ಲೆಕ್ಕಕ್ಕೇ ಇಲ್ಲ. ನಿಮಗೆ ಕ್ಯಾಮೆರಾ ಬೇಡ, ಚೆಂಡು ನೋಡುವುದನ್ನು ಬಿಟ್ಟು ಮಾಣಿಯ ಕಾಲು ನೋಡಿದರೆ ಸಾಕು. ಬದಿಗೆ ಬಂದ ಚೆಂಡಿಗೆ ಇವನ ಜಂಪ್ ಚೆನ್ನಾಗಿದೆ. ನೇರ ಬಂದದ್ದಕ್ಕೆ ಹಾಳು. ನಾನಾದರೆ ಅದೊಂದನ್ನೇ ಬರೆದಿಟ್ಟುಕೊಳ್ಳುತ್ತಿದ್ದೆ.

ಜೋ ಅಡೆಲ್ ಕಥೆ ನಿಮ್ಮ ಮಾಷ್ಟ್ರಿಗೆ ಹೇಳಿ. 2020ರ ಆಗಸ್ಟ್ 9. ಏಂಜಲ್ಸ್ ಟೀಮಿನ ಹುಡುಗ, 21 ವರ್ಷ, ದೊಡ್ಡ ಲೀಗಿಗೆ ಬಂದು ಒಂದು ವಾರವೂ ಆಗಿರಲಿಲ್ಲ. ಟೆಕ್ಸಾಸಿನಲ್ಲಿ ರೈಟ್ ಫೀಲ್ಡಿನಲ್ಲಿ ಓಡಿ ಹೋಗಿ ಗ್ಲವ್ ಒಡ್ಡಿದ. ಚೆಂಡು ಗ್ಲವ್‌ಗೆ ಬಡಿದು ಪುಟಿದು ಗೋಡೆಯ ಆಚೆ ಹೋಯಿತು. ಮೊದಲು ಹೋಂ ರನ್, ನಮ್ಮ ಸಿಕ್ಸರಿನಂಥದ್ದು, ಎಂದರು, ಆಮೇಲೆ ತಿದ್ದಿ ನಾಲ್ಕು ಬೇಸಿನ ಎರರ್ ಎಂದರು. ಇಡೀ ದೇಶ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಅದೇ ಹುಡುಗ 2024ರಲ್ಲಿ ಅದೇ ರೈಟ್ ಫೀಲ್ಡಿನಲ್ಲಿ ಒಳ್ಳೆಯ ಫೀಲ್ಡಿಂಗಿಗೆ ಕೊಡುವ ಗೋಲ್ಡ್ ಗ್ಲವ್‌ಗೆ ಕೊನೆಯ ಮೂವರಲ್ಲಿ ಒಬ್ಬ. ಪ್ರಶಸ್ತಿ ಸಿಕ್ಕಿದ್ದು ನಮ್ಮ ಬೋಸ್ಟನ್ನಿನ ವಿಲ್ಯರ್ ಅಬ್ರೇಯುಗೆ, ಅದು ಬೇರೆ ಖುಷಿ.

ಬೆಳೆದವರೂ ಬಿಡುತ್ತಾರೆ. 2024ರ ವರ್ಲ್ಡ್ ಸೀರೀಸಿನ, ಅಂದರೆ ದೊಡ್ಡ ಲೀಗಿನ ಫೈನಲಿನ, ಐದನೇ ಮ್ಯಾಚಿನಲ್ಲಿ ಯಾಂಕೀಸ್ 5-0 ಮುಂದಿದ್ದಾಗ ಅವರ ದೊಡ್ಡ ಆಟಗಾರ ಆರನ್ ಜಡ್ಜ್ ಸೆಂಟರ್ ಫೀಲ್ಡಿನಲ್ಲಿ ಕೈಗೆ ಬಂದದ್ದನ್ನು ಬಿಟ್ಟ. ಸಲೀಸು ಕ್ಯಾಚು. ಆ ಇನ್ನಿಂಗಿನಲ್ಲೇ ಡಾಡ್ಜರ್ಸ್ ಐದು ರನ್ ಮಾಡಿ ಸಮ ಮಾಡಿದರು, ಕೊನೆಗೆ 7-6ರಲ್ಲಿ ಗೆದ್ದು ಸೀರೀಸನ್ನೇ ಎತ್ತಿಕೊಂಡು ಹೋದರು. ಮರುದಿನ ಜಡ್ಜನನ್ನು ಕಬಡ್ಡಿಗೆ ಕಳಿಸಿ ಎಂದು ಯಾರೂ ಹೇಳಲಿಲ್ಲ.


ಬೈಲ್ ಬೌಲರ್:

ಬೋಸ್ಟನ್ನಿನವರ ಲೆಕ್ಕ ಕೇಳಲು ಚಂದ. ಆದರೆ ಮಾರಾಯ್ರೇ, ಬಿಟ್ಟದ್ದು ಬಿಟ್ಟದ್ದೇ ಅಲ್ವಾ? ನಮ್ಮ ಗದ್ದೆ ಕ್ರಿಕೆಟಿನಲ್ಲಿ ಮೂರು ಬಿಟ್ಟವನನ್ನು ಮರುದಿನ ಚೆಂಡು ಹುಡುಕಲು ಕಳಿಸುತ್ತಿದ್ದೆವು.

ನನ್ನ ಸಲಹೆ ಒಂದೇ. ಹುಡುಗ ಓಡುತ್ತಾನೆ, ಎಸೆಯುತ್ತಾನೆ, ಕ್ರಿಕೆಟಿಗೆ ಸೇರಿಸಿ. ತಳಂಗರೆಯ ಮೊಹಮ್ಮದ್ ಅಜರುದ್ದೀನ್ 2021ರ ಜನವರಿಯಲ್ಲಿ ಕೇರಳದ ಪರ ಮುಂಬೈ ವಿರುದ್ಧ 54 ಎಸೆತಕ್ಕೆ 137 ಹೊಡೆದದ್ದು ನೆನಪಿಲ್ವಾ? ಕಾಸರಗೋಡಿನವನಿಗೆ ದಾರಿ ಇರುವುದು ಅಲ್ಲಿ. ಬೇಸ್‌ಬಾಲ್ ಆಡಿ ಎಲ್ಲಿಗೆ ಹೋಗುವುದು?


ಹಳೇ ವಿಸಿಲ್ (ಮಂಜೇಶ್ವರ):

ಮೂವತ್ತು ವರ್ಷ ಪಿ.ಟಿ. ಮಾಷ್ಟ್ರಾಗಿದ್ದೆ. ಈಗ ಮೊಮ್ಮಗಳನ್ನು ಬಸ್ಸಿಗೆ ಬಿಡುವ ಕೆಲಸ. ಬೈಲ್ ಬೌಲರ್‌ಗೆ ಮೊದಲು ಒಂದು ಮಾತು: ಎಲ್ಲಿಗಾದರೂ ಹೋಗಲಿಕ್ಕೇ ಆಡಬೇಕು ಎಂದಾದರೆ ನೀವು ಗದ್ದೆಯಲ್ಲಿ ಆಡಿ ಎಲ್ಲಿಗೆ ಹೋದಿರಿ?

ತೋಟದವರೇ, ನಿಮ್ಮ ಬರಹ ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಅಜ್ಜಿಯ ಸಾಲಿನಲ್ಲಿ ನಿಂತೆ. ಮಾಣಿ ಎಡಗೈಯಲ್ಲಿ ಬರೆಯುತ್ತಾನೆ ಎಂದಿರಿ. ಕ್ರಿಕೆಟಿನಲ್ಲಿ ಯಾವ ಕೈಯಲ್ಲಿ ಎಸೆಯುತ್ತಾನೆ? ಮಾವಿನಕಾಯಿಗೆ ಕಲ್ಲು ಹೊಡೆಯುವಾಗ ಯಾವ ಕೈ?

ಯಾಕೆ ಕೇಳುತ್ತೇನೆಂದರೆ, ನನ್ನ ಕಾಲದಲ್ಲಿ ಶಾಲೆಗೆ ಗ್ಲವ್ ಬರುತ್ತಿದ್ದುದು ಒಂದು ಚೀಲದಲ್ಲಿ, ಎಲ್ಲವೂ ಎಡಗೈಗೆ ಹಾಕುವಂಥವು. ಅಂದರೆ ಬಲಗೈಯಲ್ಲಿ ಎಸೆಯುವವರಿಗೆ ಮಾಡಿದ್ದು. ಎಡಚ ಹುಡುಗರು ಅದನ್ನೇ ಎಡಗೈಗೆ ಸಿಕ್ಕಿಸಿಕೊಂಡು ಬಲಗೈಯಲ್ಲಿ ಎಸೆಯುತ್ತಿದ್ದರು. ಕೇಳಿದರೆ ‘ಆಗ್ತದೆ ಮಾಷ್ಟ್ರೇ’ ಎನ್ನುತ್ತಿದ್ದರು. ಹೇಳಿದರೆ ಟೀಮಿನಿಂದ ತೆಗೆದಾರು ಎಂಬ ಹೆದರಿಕೆ. ನಾನೂ ಒಬ್ಬ ಹುಡುಗನನ್ನು ಹೀಗೇ ಒಂದು ವರ್ಷ ಹಾಳು ಮಾಡಿದ್ದೇನೆ. ಅವನು ಎಸೆದದ್ದೆಲ್ಲ ಎಲ್ಲೆಲ್ಲಿಗೋ ಹೋಗುತ್ತಿತ್ತು. ಕೈಗೆ ಬಲ ಇಲ್ಲ ಎಂದು ಬೈಯುತ್ತಿದ್ದೆ. ಒಂದು ದಿನ ಮಧ್ಯಾಹ್ನದ ಗಂಜಿಯ ಹೊತ್ತಿಗೆ ಕಾಗೆಗೆ ಕಲ್ಲು ಬೀಸಿದ, ಎಡಗೈಯಲ್ಲಿ. ಆಗ ಗೊತ್ತಾಯಿತು ನನ್ನ ಬುದ್ಧಿ.

ನಿಮ್ಮ ಮಾಣಿಯದ್ದೂ ಹಾಗೇ ಆಗಿದ್ದರೆ ಆ ತೋಡಿಗೆ ಹೋದ ಎಸೆತಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಎಡಗೈ ಎಸೆತದವನಿಗೆ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವವನು) ಕಷ್ಟ, ಕ್ಯಾಚರ್ (ವಿಕೆಟ್ ಕೀಪರಿನ ಹಾಗೆ) ಕಷ್ಟ. ಔಟ್‌ಫೀಲ್ಡಿಗೆ ಏನೂ ಅಡ್ಡಿ ಇಲ್ಲ. ಬಲಗೈಗೆ ಹಾಕುವ ಗ್ಲವ್ ಬೇಕು, ಅಷ್ಟೇ. ಮೀರತ್, ಜಲಂಧರ್ ಕಡೆ ಮಾಡುತ್ತಾರೆ, ಹೇಳಿ ತರಿಸಬೇಕು. ಔಟ್‌ಫೀಲ್ಡಿಗೆ ಹನ್ನೆರಡೂವರೆ ಇಂಚಿನ ಆಸುಪಾಸು ಇರಲಿ. ಆರನೇ ಇನ್ನಿಂಗಿನಲ್ಲಿ ಚೆಂಡು ತುದಿಯಿಂದ ಜಾರಿತು ಎಂದಿರಲ್ಲ, ಶಾಲೆಯದ್ದು ಚಿಕ್ಕ ಗ್ಲವ್ ಇರಬೇಕು, ನೋಡಿ.

ಒಂದು ಎಚ್ಚರಿಕೆ. ಎರಡು ವರ್ಷ ಎಡಗೈಯಲ್ಲಿ ಹಿಡಿದು ಅಭ್ಯಾಸ ಆಗಿದೆ. ಗ್ಲವ್ ಬಲಗೈಗೆ ಹೋದರೆ ಮೊದಲ ಕೆಲವು ವಾರ ಜಾಸ್ತಿ ಬಿಡುತ್ತಾನೆ. ಆಗ ಮನೆಯವರು ಬಾಯಿ ಮುಚ್ಚಿಕೊಂಡಿರಬೇಕು. ಆಗುವುದಿಲ್ಲ ಎಂದಾದರೆ ಈ ವರ್ಷ ಮುಗಿದ ಮೇಲೆ ಬದಲಾಯಿಸಿ.

ಇನ್ನು ಎರಡನೇ ಇನ್ನಿಂಗಿನದು. ಅದೇ ನಿಜವಾದ ಪಾಠ. ನೇರ ಬರುವ ಚೆಂಡು ಎಲ್ಲಕ್ಕಿಂತ ಕಷ್ಟ. ಬದಿಗೆ ಹೋಗುವುದು ಹೇಗೆ ಬಾಗುತ್ತದೆ ಎಂದು ಕಣ್ಣಿಗೆ ಕಾಣುತ್ತದೆ, ನೇರ ಬರುವುದು ಕಾಣುವುದಿಲ್ಲ. ಅದಕ್ಕೇ ಹಳಬರು ಹೇಳುವುದು, ಸಂಶಯ ಬಂದರೆ ಮೊದಲ ಹೆಜ್ಜೆ ಹಿಂದಕ್ಕೆ. ಮುಂದೆ ಬರುವುದು ಸುಲಭ, ಹಿಂದೆ ಓಡುವುದು ಕಷ್ಟ. ಹಿಂದಕ್ಕೆ ಎಂದರೆ ಎಮ್ಮೆಯ ಹಾಗೆ ಹಿಮ್ಮುಖ ನಡೆಯುವುದಲ್ಲ. ಒಂದು ಕಾಲು ಹಿಂದೆ ತೆರೆದು, ಸೊಂಟ ತಿರುಗಿಸಿ, ಭುಜದ ಮೇಲಿಂದ ನೋಡುತ್ತ ಓಡುವುದು. ಓಡುವಾಗ ಮುಂಗಾಲಿನಲ್ಲಿ ಓಡಲಿ. ಹಿಮ್ಮಡಿ ಊರಿದರೆ ತಲೆ ಕುಲುಕುತ್ತದೆ, ಕಣ್ಣಿಗೆ ಚೆಂಡೇ ಕುಣಿದ ಹಾಗೆ ಕಾಣುತ್ತದೆ. ಗ್ಲವ್ ಚಾಚಿಕೊಂಡು ಓಡುವುದೂ ಬೇಡ, ಕೊನೆಗೆ ಚಾಚಿದರಾಯಿತು.

ಹೊರಗೆ ಕೂರಿಸುವ ವಿಷಯ ನಿಮ್ಮ ಮಾಷ್ಟ್ರಿಗೆ ಬಿಟ್ಟದ್ದು. ಹುಡುಗನಿಗೆ ತಪ್ಪು ಯಾವುದು ಎಂದು ಹೇಳದೆ ಕೂರಿಸಿದರೆ ಮಾತ್ರ ಅವನು ಇನ್ನು ದೂರದ ಚೆಂಡಿಗೆ ಓಡುವುದನ್ನೇ ಬಿಡುತ್ತಾನೆ. ಎರರ್ ಬೀಳದ ಹಾಗೆ ಆಡುವುದನ್ನು ಹುಡುಗರು ಬಹಳ ಬೇಗ ಕಲಿಯುತ್ತಾರೆ.


ತೋಟದ ಮೂಲೆ:

ಮಾಷ್ಟ್ರೇ, ಇದನ್ನು ಬರೆಯುವಾಗ ನನಗೇ ನಾಚಿಕೆ. ಇವತ್ತು ಸಂಜೆ ಅಂಗಳದಲ್ಲಿ ಒಂದು ಹಣ್ಣಡಿಕೆ ಕೊಟ್ಟು ಆ ಕಂಬಕ್ಕೆ ಹೊಡಿ ಎಂದೆ. ಎಡಗೈಯಲ್ಲಿ ಬೀಸಿದ, ಟಣ್ ಎಂದಿತು. ಬಲಗೈಯಲ್ಲಿ ಹೊಡಿ ಎಂದೆ. ಅಡಿಕೆ ಹಟ್ಟಿಯ ಮಾಡಿಗೆ ಹೋಯಿತು.

"ಮತ್ತೆ ಬೇಸ್‌ಬಾಲಿನಲ್ಲಿ ಎಂತಕ್ಕೆ ಬಲಗೈ?" ಎಂದೆ.

"ಗ್ಲವ್ ಹಾಗೇ ಇರುವುದಲ್ವಾ ದೊಡ್ಡಪ್ಪ" ಎಂದ.

ಎರಡು ವರ್ಷ. ನಾನು ಪ್ರತಿ ಮ್ಯಾಚಿಗೆ ಹೋಗುತ್ತೇನೆ. ಅಪ್ಪ ನೋಡಿಲ್ಲ, ಮಾಷ್ಟ್ರು ನೋಡಿಲ್ಲ, ನಾನೂ ನೋಡಿಲ್ಲ. ಎಡಗೈ ಎಂದು ದಿನಾ ಬೊಬ್ಬೆ ಹೊಡೆಯುತ್ತಿದ್ದವರು ಅಜ್ಜಿ ಒಬ್ಬರೇ. ಈಗ ಅವರಿಗೆ ಇದನ್ನು ಹೇಗೆ ಹೇಳುವುದು ಎಂಬುದು ಬೇರೆ ಸಮಸ್ಯೆ.


ಸಾಫ್ಟ್‌ಬಾಲ್ ಅಕ್ಕ:

ಕಾಲೇಜಿನಲ್ಲಿ ಮೂರು ವರ್ಷ ಸಾಫ್ಟ್‌ಬಾಲ್ ಆಡಿದ್ದೇನೆ, ಲೆಫ್ಟ್ ಫೀಲ್ಡು. ಎಲ್ಲರೂ ಕೈ ಕಾಲಿನದ್ದು ಹೇಳಿದಿರಿ. ಬಾಯಿಯದ್ದು ಯಾರೂ ಹೇಳಲಿಲ್ಲ!

ನಾಲ್ಕನೇ ಇನ್ನಿಂಗಿನ ತಪ್ಪು ಮಾಣಿಯದ್ದೂ ಅಲ್ಲ, ಆ ಇನ್ನೊಬ್ಬ ಹುಡುಗನದ್ದೂ ಅಲ್ಲ. ಇಬ್ಬರ ನಡುವೆ ಹೋದರೆ ಸೆಂಟರ್ ಫೀಲ್ಡರ್ ಕೂಗಿದ ಮೇಲೆ ಬದಿಯವನು ಬಿಡಬೇಕು. ಅದು ಎಲ್ಲ ಕಡೆಯ ಕ್ರಮ. ಆದರೆ ಕೂಗಿದ್ದು ಏನು ಎಂದು ಗೊತ್ತಾಗಬೇಕಲ್ಲ? ನಮ್ಮ ಟೀಮಿನಲ್ಲಿ ತುಳುವಿನವರು, ಮಲಯಾಳದವರು, ಕನ್ನಡದವರು, ಉಪ್ಪಳದ ಇಬ್ಬರು ಉರ್ದು. ಒಂದು ಸಲ ನಾನು ಮತ್ತು ಸೆಂಟರಿನವಳು ಡಿಕ್ಕಿ ಹೊಡೆದು ನನ್ನ ಹುಬ್ಬಿನ ಮೇಲೆ ಮೂರು ಹೊಲಿಗೆ. ಆಮೇಲೆ ಒಂದು ಕ್ರಮ ಮಾಡಿಕೊಂಡೆವು. ಹಿಡಿಯುವವಳು ‘ಬಾಲ್, ಬಾಲ್, ಬಾಲ್’ ಎಂದು ಮೂರು ಸಲ. ಬಿಡುವವಳು ಅವಳ ಹೆಸರು ಒಂದು ಸಲ. ಅಷ್ಟೇ. ಹೆಸರಿಗೆ ಭಾಷೆ ಇಲ್ಲ. ಅಭ್ಯಾಸಕ್ಕೆ ಚೆಂಡೂ ಬೇಡ, ಸುಮ್ನೆ ಆಕಾಶಕ್ಕೆ ಕೈ ತೋರಿಸಿ ಓಡಿಸಿ ಕೂಗಿಸಿ. ಹುಚ್ಚರ ಹಾಗೆ ಕಾಣುತ್ತದೆ, ಪರವಾಗಿಲ್ಲ.

ಮತ್ತೆ, ಹೊಸ ಗ್ಲವ್ ಬಂದ ದಿನವೇ ಮ್ಯಾಚಿಗೆ ಹಾಕಬೇಡಿ. ಹಲಗೆಯ ಹಾಗೆ ಇರುತ್ತದೆ. ಒಳಗೆ ಚೆಂಡು ಇಟ್ಟು ಹಗ್ಗ ಕಟ್ಟಿ ರಾತ್ರಿ ಹಾಗೇ ಬಿಡಿ, ಹಗಲು ಹಿಡಿದು ಹಿಡಿದು ಮೆತ್ತಗೆ ಮಾಡಿ. ಎಣ್ಣೆ ಜಾಸ್ತಿ ಹಚ್ಚಿದರೆ ಭಾರವಾಗುತ್ತದೆ. ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸುವವರೂ ಇದ್ದಾರೆ. ಅದು ಬೇಡ, ಚರ್ಮ ಬಿರುಕು ಬಿಡುತ್ತದೆ.


ಕುಂಬಳೆ ಟು ಬೋಸ್ಟನ್:

ಅಕ್ಕ ಹೇಳಿದ್ದಕ್ಕೆ ನಗು ಬಂತು, ಯಾಕೆಂದರೆ ಇದೇ ಕಥೆ 1962ರ ನ್ಯೂಯಾರ್ಕ್ ಮೆಟ್ಸ್‌ದು. ಆ ವರ್ಷ 120 ಮ್ಯಾಚ್ ಸೋತ ಟೀಮು. ಸೆಂಟರ್ ಫೀಲ್ಡಿನಲ್ಲಿ ರಿಚಿ ಆಶ್‌ಬರ್ನ್, ಶಾರ್ಟ್‌ಸ್ಟಾಪಿನಲ್ಲಿ ವೆನೆಜುವೆಲಾದ ಎಲಿಯೋ ಚಾಕೋನ್. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಪ್ರತಿ ಸಲ ಡಿಕ್ಕಿ. ಕೊನೆಗೆ ಆಶ್‌ಬರ್ನ್ ಸ್ಪ್ಯಾನಿಷಿನಲ್ಲಿ ‘ಯೋ ಲಾ ತೆಂಗೋ’, ಅಂದರೆ ‘ನನಗೆ ಸಿಕ್ಕಿತು’ ಎಂದು ಕೂಗಲು ಕಲಿತ. ಮುಂದಿನ ಸಲ ಕೂಗಿದ, ಚಾಕೋನ್ ಚಂದ ಮಾಡಿ ನಿಂತ. ಆದರೆ ಲೆಫ್ಟ್ ಫೀಲ್ಡಿನ ಫ್ರಾಂಕ್ ಥಾಮಸ್‌ಗೆ ಸ್ಪ್ಯಾನಿಷ್ ಬರುವುದಿಲ್ಲ. ಬಂದು ಗುದ್ದಿದ. ಆಶ್‌ಬರ್ನ್ ಹೇಳುತ್ತಿದ್ದ ಕಥೆ ಇದು, ಸ್ವಲ್ಪ ಉಪ್ಪು ಖಾರ ಸೇರಿರಲೂಬಹುದು.

ಹಳೇ ವಿಸಿಲ್ ಅವರು ನೇರ ಬರುವ ಚೆಂಡಿನ ಬಗ್ಗೆ ಹೇಳಿದ್ದನ್ನು 1968ರಲ್ಲಿ ಸೆವಿಲ್ ಚಾಪ್‌ಮನ್ ಎಂಬ ಭೌತಶಾಸ್ತ್ರದವರು ಲೆಕ್ಕ ಮಾಡಿ ಬರೆದಿದ್ದಾರೆ. ನಿಂತಲ್ಲಿಂದ ನೋಡುವಾಗ ಚೆಂಡು ಕಣ್ಣೆದುರು ಮೇಲೇರುವ ವೇಗ ಹೆಚ್ಚುತ್ತಾ ಹೋದರೆ ಅದು ತಲೆ ದಾಟುತ್ತದೆ. ಏರುವುದು ನಿಧಾನವಾಗುತ್ತಾ ಬಂದರೆ ಮುಂದೆ ಬೀಳುತ್ತದೆ. ಒಂದೇ ಸಮ ಏರುವ ಹಾಗೆ ಕಾಣುತ್ತಿದ್ದರೆ ನೀವು ನಿಂತ ಜಾಗ ಸರಿ. ಹುಡುಗರಿಗೆ ಇದನ್ನು ಬಾಯಲ್ಲಿ ಹೇಳಿದರೆ ತಲೆ ಕೆಡುತ್ತದೆ. ನೂರು ಚೆಂಡು ಮೇಲೆ ಹೊಡೆದು ಕೊಟ್ಟರೆ ಕಣ್ಣೇ ಕಲಿಯುತ್ತದೆ.


ಬೈಲ್ ಬೌಲರ್:

ಹಳೇ ವಿಸಿಲ್ ಅವರೇ, ನಾನು ಎಲ್ಲಿಗೂ ಹೋಗಲಿಲ್ಲ, ಒಪ್ಪಿದೆ. ಚೆಂಡು ಹೊಡೆದು ಕೊಡಲು ಜನ ಬೇಕಾದರೆ ಬರುತ್ತೇನೆ. ನೀರ್ಚಾಲಿನಿಂದ ಬೈಕಿನಲ್ಲಿ ಎಷ್ಟು ದೂರ?


ತೋಟದ ಮೂಲೆ:

ಎಲ್ಲರಿಗೂ ದೊಡ್ಡ ನಮಸ್ಕಾರ. ಮೂರು ವಾರದ ಸುದ್ದಿ ಬರೆಯುತ್ತೇನೆ.

ಪಿ.ಟಿ. ಮಾಷ್ಟ್ರ ಹತ್ತಿರ ಮಾತಾಡಿದೆ. ಅವರಿಗೂ ಪಾಪ, ಮೂವತ್ತು ಮಕ್ಕಳಿಗೆ ಹನ್ನೊಂದು ಗ್ಲವ್. ಬೇಸರ ಮಾಡಿಕೊಳ್ಳಲಿಲ್ಲ. ಆರನೇ ಇನ್ನಿಂಗಿನ ಮೊದಲ ಎರರನ್ನು ಹೊಡೆದು ಹಿಟ್ ಎಂದು ತಿದ್ದಿದರು. ಎರಡನೆಯದು ಹಾಗೇ ಇದೆ. ಮಾಣಿ ಒಂದು ಮ್ಯಾಚ್ ಹೊರಗೆ ಕೂತ, ಆಮೇಲೆ ಮತ್ತೆ ಸೆಂಟರಿಗೇ ಬಂದ.

ನೇರ ಬರುವ ಚೆಂಡಿನ ವಿಷಯ ನನಗೆ ಅರ್ಥವಾದದ್ದು ತೋಟದಲ್ಲಿ. ಮೊನ್ನೆ ದೋಟಿ ಹಿಡಿದು ಅಡಿಕೆ ಕೊಯ್ಯುತ್ತಿದ್ದೆ. ಗೊನೆ ನೇರ ನನ್ನ ಮೇಲೆಯೇ ಬರುವಾಗ ಅದು ಮುಂದೆ ಬೀಳುತ್ತದಾ ಬೆನ್ನ ಹಿಂದೆ ಬೀಳುತ್ತದಾ ಎಂದು ಇಷ್ಟು ವರ್ಷವಾದರೂ ಸರಿಯಾಗಿ ತಿಳಿಯುವುದಿಲ್ಲ. ಬದಿಯಲ್ಲಿ ನಿಂತು ಹೆಕ್ಕುವವಳಿಗೆ ತಿಳಿಯುತ್ತದೆ, ‘ಅಣ್ಣ, ಹಿಂದೆ’ ಎಂದು ಅವಳೇ ಕೂಗುವುದು. ಐವತ್ತು ವರ್ಷದ ನನ್ನ ಕಥೆ ಇದು. ಮತ್ತೆ ಹದಿನೈದರ ಹುಡುಗನಿಗೆ ಬೈದದ್ದೆಂಥದು.

ಗ್ಲವ್‌ಗೆ ದುಡ್ಡು ಕಳಿಸಿಯಾಗಿದೆ, ಬಂದಿಲ್ಲ. ಅಲ್ಲಿಯವರೆಗೆ ಹಳೆಯದರಲ್ಲೇ. ಬೈಲ್ ಬೌಲರ್ ಎರಡು ಭಾನುವಾರ ಬಂದು ಚೆಂಡು ಹೊಡೆದು ಕೊಟ್ಟರು, ಚೆನ್ನಾಗಿ ಹೊಡೆಯುತ್ತಾರೆ. ತಲೆ ದಾಟುವ ಚೆಂಡಿನಲ್ಲಿ ಮೊದಲ ಭಾನುವಾರ ಹತ್ತಕ್ಕೆ ಎರಡು ಹಿಡಿದ, ಎರಡನೇ ಭಾನುವಾರ ಹತ್ತಕ್ಕೆ ಐದು. ಈಗ ಎಲ್ಲದಕ್ಕೂ ಹಿಂದೆಯೇ ಓಡುತ್ತಾನೆ, ಎದುರು ಬೀಳುವುದು ಎದುರೇ ಬೀಳುತ್ತಿದೆ! ಅದಕ್ಕೆ ಏನು ಮಾಡುವುದು ಮಾಷ್ಟ್ರೇ?

ಅಜ್ಜಿಗೆ ಹೇಳಿದೆವು. "ನಾನು ಹೇಳಿದ್ದು ಅದೇ ಅಲ್ವಾ, ಎಡಗೈಯದ್ದೇ ದೋಷ" ಎಂದರು.

ಇನ್ನೊಂದು. ಯಾರ ಹತ್ತಿರವಾದರೂ ಹಳೇ ಬೇಸ್‌ಬಾಲ್ ಇದ್ದರೆ ಹೇಳಿ, ಹೊಲಿಗೆ ಬಿಟ್ಟದ್ದಾದರೂ ಆದೀತು. ನಮ್ಮದರಲ್ಲಿ ಇನ್ನೂ ಎರಡು ತೋಡಿಗೆ ಹೋಗಿವೆ. ಒಂದು ಮಾಣಿ ಎಸೆದದ್ದು, ಒಂದು ನಾನು.